ಲೂರ್ಡ್ಸ್ ಬಾಯಿ ಹಾಕದ ನೀರು

ಕುಂಬಳೆ ಕಡೆಯ ಒಂದು ಸಣ್ಣ ಹೆರಿಗೆ ಆಸ್ಪತ್ರೆಯಲ್ಲಿ ನಾನು ನರ್ಸು, ಲೂರ್ಡ್ಸ್ ಬಾಯಿ ಆಯಾ. ಬಾಯಿ ಅಂದರೆ ಕೊಂಕಣಿ ಕ್ರಿಸ್ತಾನರಲ್ಲಿ ಅಕ್ಕ. ಆ ಆಸ್ಪತ್ರೆ ಮುಚ್ಚಿ ಎಷ್ಟೋ ಕಾಲವಾಯಿತು. ನಾವಿಬ್ಬರು ಉಳಿದಿದ್ದೇವೆ, ಅದೂ ಮಂಡಿ ಕಳಕೊಂಡು. ಬಾಯಿಗೆ ಈಗ ಎಪ್ಪತ್ತೆರಡು. ಮದುವೆಯಾದವರಲ್ಲ, ಮೂವತ್ತು ವರ್ಷ ಊರವರ ಬಾಣಂತಿ ಬಟ್ಟೆ ಒಗೆದವರು. ಫೋನ್ ಎತ್ತಿದರೆ ಹಲೋ ಇಲ್ಲ, "ಸಾಕಾಯ್ತು ಕಮಲಾ" ಅಂತಲೇ ಶುರು.

ಅವರ ಏಪ್ರನ್ ಕಿಸೆಯಲ್ಲಿ ಯಾವಾಗಲೂ ಒಂದು ಬಾಟ್ಲಿ ಇರುತ್ತಿತ್ತು. ಕೆಮ್ಮಿನ ಔಷಧದ್ದು, ತೊಳೆದು ಒಳ್ಳೇ ನೀರು ತುಂಬಿಸಿದ್ದು. ಕ್ರಿಸ್ತಾನರ ಮಗು ಉಳಿಯುವುದಿಲ್ಲ ಅಂತ ಕಂಡರೆ, ಪಾದ್ರಿ ಬರುವಷ್ಟು ಹೊತ್ತಿಲ್ಲದಿದ್ದರೆ, ಯಾರು ಬೇಕಾದರೂ ತಲೆಗೆ ನೀರು ಹೊಯ್ದು ಪಿತ, ಸುತ, ಪವಿತ್ರಾತ್ಮರ ಹೆಸರು ಹೇಳಿ ಜ್ಞಾನಸ್ನಾನ ಕೊಡಬಹುದಂತೆ. ಬಾಯಿ ಹಾಗೆ ಹನ್ನೊಂದು ಮಕ್ಕಳಿಗೆ ಕೊಟ್ಟಿದ್ದರು. ಒಂಬತ್ತು ಹೋದವು.

ಒಂದು ದಿನ ನಾನು ಕೇಳಿಯೇಬಿಟ್ಟೆ. "ಹುಟ್ಟಿ ಒಂದು ಗಂಟೆ ಆಗಲಿಲ್ಲ, ಅದು ಎಂತ ಪಾಪ ಮಾಡಿತು ಬಾಯಿ?"

"ಅದು ಮಾಡಿದ್ದಲ್ಲ ಮಾರಾಯ್ತಿ, ಆದಾಮ ಮಾಡಿದ್ದು. ಜನ್ಮಪಾಪ. ಹುಟ್ಟುವಾಗಲೇ ಅಂಟಿಕೊಂಡು ಬರ್ತದೆ."

"ನಮ್ಮಲ್ಲಿ ಹೆತ್ತ ಮನೆಗೆ ಅಮೆ, ಸೂತಕ ಬರ್ತದಲ್ಲ, ಹಾಗೆಯಾ?"

"ನಿಮ್ಮ ಅಮೆ ಹತ್ತು ದಿನದಲ್ಲಿ ಹೋಗ್ತದೆ. ಇದು ನೀರು ಬೀಳದೆ ಹೋಗುದಿಲ್ಲ."

ಇದೆಂಥಾ ನ್ಯಾಯ ಅಂತ ನನಗೆ ಸಿಟ್ಟು ಬಂದಿತ್ತು. ಉಪ್ಪು ತಿಂದವ ನೀರು ಕುಡಿಯಬೇಕು ಅಂತ ನಾವು ಹೇಳುವುದು. ಇವರಲ್ಲಿ ಉಪ್ಪು ತಿಂದದ್ದು ಯಾರೋ, ಬಾಯಾರಿಕೆ ಎಲ್ಲರಿಗೂ! ಹಾಗೆ ಹೇಳಿದರೆ ಬಾಯಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಆಗ ಇನ್ನೂ ನಗುತ್ತಿದ್ದರು.

ಆಮೇಲೆ ಬಾಯಿಯ ತಮ್ಮ ಒಸ್ವಾಲ್ಡನ ಹೆಂಡತಿ ಟ್ರೀಜಾ ಹೆರಿಗೆಗೆ ಬಂದಳು. ಮದುವೆಯಾಗಿ ಒಂಬತ್ತು ವರ್ಷಕ್ಕೆ ಮೊದಲ ಬಸಿರು. ಏಳೇ ತಿಂಗಳಿಗೆ ಹೆರಿಗೆಯಾಯಿತು. ಗಂಡು ಮಗು, ನನ್ನ ಅಂಗೈಯಷ್ಟಿತ್ತು. ಮಂಗಳೂರಿಗೆ ಕಳಿಸಲು ಕಾರು ಬರಬೇಕಿತ್ತು. ಮಗುವಿನ ತುಟಿ ನೀಲಿಯಾಗುತ್ತಿತ್ತು.

ಬಾಯಿ ಬಾಟ್ಲಿ ತೆಗೆದರು. ಒಸ್ವಾಲ್ಡ್ ಅವರ ಕೈ ಹಿಡಿದುಕೊಂಡ. "ಬೇಡ ಬಾಯಿ. ನೀವು ನೀರು ಹಾಕಿದ ಮಗು ಉಳಿಯುದಿಲ್ಲ, ಇಡೀ ಊರಿಗೆ ಗೊತ್ತುಂಟು." ಇಬ್ಬರೂ ಜಗಲಿಗೆ ಹೋಗಿ ಮಾತಿಗೆ ಮಾತು ಬೆಳೆಸಿದರು. ನಾನು ಕಾರಿಗೆ ಫೋನ್ ಮಾಡಲು ಓಡಿದೆ. ತಿರುಗಿ ಬರುವಾಗ ಬಾಯಿ ಬಾಟ್ಲಿಯ ಮುಚ್ಚಳ ಹಾಕಿ ಸುಮ್ಮನೆ ನಿಂತಿದ್ದರು. ಕಾರು ಬರುವ ಮೊದಲೇ ಮಗು ಹೋಯಿತು.

ಆಗಿನ ಪಾದ್ರಿಗಳು ಹಳೇ ಕಾಲದವರು. ನೀರು ಬೀಳದ ಮಗು ಅಂತ ಅವರ ಸ್ಮಶಾನ ಸಿಮಿತ್ರಿ, ಅದರ ಗೋಡೆಯ ಹೊರಗೆ, ಗೇರುಮರದ ಬುಡದಲ್ಲಿ ಹೂಳಿಸಿದರು. ಟ್ರೀಜಾ ಅವತ್ತಿನಿಂದ ಬಾಯಿಯ ಹತ್ತಿರ ಮಾತು ಬಿಟ್ಟಳು. ಹಬ್ಬಕ್ಕೆ ಹೋದರೆ ಬಟ್ಟಲು ಮುಂದಿಡುತ್ತಿದ್ದಳು, ಅಷ್ಟೇ. ಮೂವತ್ತೈದು ವರ್ಷ! ಬೇಡ ಅಂದದ್ದು ಗಂಡ, ಮುಖ ತಿರುಗಿಸಿದ್ದು ಗಂಡನ ಅಕ್ಕನಿಗೆ. ಬಾಯಿ ಮಾತ್ರ ಒಂದು ದಿನವೂ ತಪ್ಪನ್ನು ತಮ್ಮನ ಮೇಲೆ ಹಾಕಲಿಲ್ಲ.

"ಅವ ಬೇಡ ಅಂದ, ಸರಿ. ಕೈ ಯಾರದ್ದು? ದೇವರು ಕೈ ಕೊಟ್ಟಿದ್ದಾನೆ, ಹೌದು ಅಲ್ಲ ಅಂತ ಹೇಳಲಿಕ್ಕೆ ಮನಸ್ಸೂ ಕೊಟ್ಟಿದ್ದಾನೆ. ಜನ್ಮಪಾಪಕ್ಕೆ ಆದಾಮನನ್ನು ಬೈಬಹುದು. ಇದಕ್ಕೆ ಯಾರನ್ನು ಬೈಯುದು?"

ಪ್ರತಿ ವರ್ಷ ನವೆಂಬರ್ ಎರಡಕ್ಕೆ, ಸತ್ತವರ ದಿನ, ಬಾಯಿ ಅಪ್ಪ ಅಮ್ಮನ ಗೋರಿಗೆ ಮೇಣದ ಬತ್ತಿ ಹಚ್ಚಿ, ಗೋಡೆ ಸುತ್ತಿ ಹೊರಗೆ ಬಂದು ಗೇರುಮರದ ಬುಡಕ್ಕೂ ಒಂದು ಹಚ್ಚುತ್ತಿದ್ದರು. ಈಚೆಗೆ ಬಂದ ಹೊಸ ಪಾದ್ರಿ ಅದನ್ನು ನೋಡಿ, "ಅಂಥ ಮಕ್ಕಳನ್ನು ನಾವು ದೇವರ ಕರುಣೆಗೆ ಒಪ್ಪಿಸುತ್ತೇವೆ, ನೀವು ಹೆದರಬೇಡಿ" ಅಂದರಂತೆ. ಬಾಯಿಗೆ ಸಮಾಧಾನವಾಗಲಿಲ್ಲ, ಸಿಟ್ಟೇ ಬಂತು. "ಕರುಣೆ ಉಂಟು ಅಂತ ಹೇಳಲಿಕ್ಕೆ ಇಷ್ಟು ವರ್ಷ ಬೇಕಾಯ್ತಾ? ನನಗೆ ಈಗ ನಂಬಲಿಕ್ಕೂ ಸುಸ್ತು" ಅಂದರು.

ಕಳೆದ ಜೂನಿನಲ್ಲಿ ಟ್ರೀಜಾ ಹಾಸಿಗೆ ಹಿಡಿದಳು. ಹೊಟ್ಟೆಯ ಕ್ಯಾನ್ಸರ್. ಪಂಚಾಯತಿನ ಪಾಲಿಯೇಟಿವ್ ನರ್ಸ್ ನೋವಿನ ಮದ್ದು ಕೊಡಲು ವಾರಕ್ಕೆರಡು ಸಲ ಬಂದು ಹೋಗುವಷ್ಟಾಯಿತು. ಒಂದು ಮಧ್ಯಾಹ್ನ ಒಸ್ವಾಲ್ಡ್ ಬಾಯಿಯ ಮನೆಗೆ ಬಂದು ಕುಸಿದು ಕೂತ. ನಾನೂ ಅಲ್ಲಿದ್ದೆ.

"ಒಂದೇ ಪ್ರಶ್ನೆ ಕೇಳ್ತಾಳೆ ಬಾಯಿ. ನನ್ನ ಕಣ್ಣು ತಪ್ಪಿಸಿ ನೀವು ಅವತ್ತು ನೀರು ಹಾಕಿದ್ದಿರಾ ಅಂತ. ಮಗನನ್ನು ಅಲ್ಲಿ ಸ್ವರ್ಗದಲ್ಲಿ ನೋಡ್ತೇನಾ ಇಲ್ಲವಾ ಅಂತ ಅವಳ ಸಂಕಟ. ಹಾಕಿದ್ದೆ ಅಂತ ಹೇಳಿಬಿಡಿ. ಸುಳ್ಳಾದರೂ ಸರಿ."

"ಹೇಳಿ ಬಾಯಿ," ಅಂದೆ ನಾನೂ. "ಸಾಯುವವಳಿಗೆ ಒಂದು ಸುಳ್ಳು ಹೇಳಿದರೆ ನಿಮ್ಮ ಗಂಟು ಎಂತ ಹೋಗುದು?"

ಬಾಯಿ ಕೊಡೆ ತಕ್ಕೊಂಡರು. ಶಿರಿಯದ ಒಸ್ವಾಲ್ಡನ ಮನೆಗೆ ಮೂವರೂ ಬಸ್ಸಿನಲ್ಲಿ ಹೋದೆವು.

ಟ್ರೀಜಾ ಒಣಗಿ ಕಡ್ಡಿಯಾಗಿದ್ದಳು. ಒಸ್ವಾಲ್ಡ್ ಬಾಗಿಲಲ್ಲೇ ನಿಂತ. ಅವಳು ಕಣ್ಣು ತೆರೆದು ಕೊಂಕಣಿಯಲ್ಲಿ ಕೇಳಿದಳು. ಇಷ್ಟು ವರ್ಷದ ಸಹವಾಸದಲ್ಲಿ ನನಗೆ ಆ ಭಾಷೆ ಅರ್ಥವಾಗುತ್ತದೆ. "ಹಾಕಿದ್ದಿರಾ?"

ಬಾಯಿ ಮಂಚದ ಹತ್ತಿರ ಹೋದರು. "ಇಲ್ಲ ಟ್ರೀಜಾ. ಹಾಕಬಹುದಿತ್ತು. ಹಾಕಲಿಲ್ಲ."

ಒಸ್ವಾಲ್ಡ್ ತಲೆ ಚಚ್ಚಿಕೊಂಡ. ನಾನು ಮನಸ್ಸಿನಲ್ಲೇ ಬಾಯಿಯನ್ನು ಬೈದೆ. ಟ್ರೀಜಾ ಬಾಯಿಯ ಕಡೆಗೆ ಮುಖ ತಿರುಗಿಸಿದಳು.

"ನಾನು ಹಾಕಿದೆ," ಅಂದಳು.

ಯಾರಿಗೂ ಅರ್ಥವಾಗಲಿಲ್ಲ.

"ನೀವಿಬ್ಬರು ಜಗಲಿಯಲ್ಲಿ ಜಗಳ ಮಾಡುವಾಗ ಮಗು ನನ್ನ ಪಕ್ಕದಲ್ಲಿತ್ತು. ನನಗೆ ಕುಡಿಯಲಿಕ್ಕೆ ನೀವು ಇಟ್ಟ ಜೀರಿಗೆ ನೀರಿತ್ತು ಗ್ಲಾಸಿನಲ್ಲಿ. ಅದನ್ನೇ ತಲೆಗೆ ಹೊಯ್ದೆ. ಬಂದಷ್ಟು ಮಂತ್ರ ಹೇಳಿದೆ. ಆಮೇಲೆ ಹೆದರಿಕೆಯಾಯಿತು. ಜೀರಿಗೆ ನೀರಲ್ಲಿ ಆಗ್ತದಾ? ಪಾದ್ರಿಯ ಹತ್ತಿರ ಕೇಳಿ, ಆಗುದಿಲ್ಲ ಅಂದರೆ? ಕೇಳಲೇ ಇಲ್ಲ. ನೀವು ಸರಿಯಾದ ನೀರು ಹಾಕಿದ್ದರೆ ನನ್ನದು ಲೆಕ್ಕಕ್ಕೇ ಇಲ್ಲ ಅಂತ ಈಗ ಒಂದು ಆಸೆ."

"ನನ್ನ ಹತ್ತಿರ ಹೇಳಬಹುದಿತ್ತಲ್ಲ," ಅಂದರು ಬಾಯಿ.

"ಹೇಳಬಹುದಿತ್ತು. ತಪ್ಪು ನಿಮ್ಮದು ಅಂತ ಇಟ್ಟರೆ ನನಗೆ ಸ್ವಲ್ಪ ಹಗುರ ಆಗ್ತಿತ್ತು. ಗೊತ್ತಿದ್ದೇ ಮಾಡಿದೆ."

ಅಯ್ಯೋ ದೇವರೇ, ಎಂಥಾ ಹೆಂಗಸು! ರೋಗಿ ಅಂತ ನೋಡದೆ ನಾಲ್ಕು ಮಾತು ಆಡಿಬಿಡುತ್ತಿದ್ದೆ. ಬಾಯಿ ನನ್ನ ಕೈ ಅಮುಕಿ ಹಿಡಿದರು. ಆಮೇಲೆ ಬಗ್ಗಿ ಟ್ರೀಜಾಳ ಬೆನ್ನಡಿಗೆ ಕೈ ಹಾಕಿ ಎತ್ತಿದರು. ಹಾಸಿಗೆ ಒದ್ದೆಯಾಗಿತ್ತು.

"ಸ್ವಲ್ಪ ಆಚೆ ಸರಿ. ಬಟ್ಟೆ ಬದಲು ಮಾಡ್ತೇನೆ," ಅಂದರು. "ಜೀರಿಗೆ ನೀರಲ್ಲಿ ಆಗ್ತದೆ. ಪಾದ್ರಿ ಹತ್ತಿರ ಕೇಳಿದ್ದೇನೆ. ಮಗು ಅಲ್ಲಿ ಉಂಟು."

ಟ್ರೀಜಾ ಅಳಲಿಕ್ಕೆ ಶುರು ಮಾಡಿದಳು. ಬಾಯಿ ಹಾಸಿಗೆ ಬಟ್ಟೆ ಬದಲಿಸಿ, ಹಳೆಯದನ್ನು ಒಗೆದು, ಹರವಿ, ಆಮೇಲೆ ಹೊರಟರು.

ಬಸ್ ಸ್ಟಾಪಿನಲ್ಲಿ ನನಗೆ ತಡೆಯಲಾಗಲಿಲ್ಲ. "ಹೌದಾ ಬಾಯಿ? ಪಾದ್ರಿ ಹತ್ತಿರ ಯಾವಾಗ ಕೇಳಿದ್ದು?"

"ಎಲ್ಲಿ ಕೇಳುದು ಮಾರಾಯ್ತಿ? ಜೀರಿಗೆ ನೀರಿನ ಸಂಗತಿ ನನಗೆ ಇವತ್ತೇ ಗೊತ್ತಾದದ್ದು."

"ಮತ್ತೆ ಸುಳ್ಳು ಹೇಳಿದಿರಲ್ಲ?"

ಬಾಯಿ ಸ್ಟಾಪಿನ ಕಟ್ಟೆಯ ಮೇಲೆ ಮೆಲ್ಲ ಕೂತು ಮಂಡಿ ನೀವಿಕೊಂಡರು.

"ಹೌದು, ಹೇಳಿದೆ. ಈ ಪಾಪವನ್ನು ಆದಾಮನ ತಲೆಗೆ ಕಟ್ಟುದು ಬೇಡ, ಬೇಕು ಅಂತಲೇ ನಾನು ಹೇಳಿದ್ದು. ನನ್ನ ಹತ್ತಿರವೇ ಇರಲಿ."