ಹದಿನೆಂಟು ದಿನ ಮುಚ್ಚಿದ ಬಾಯಿ

ಸತ್ತ ಮೀನಿಗೆ ಬಲಗಣ್ಣು ಇರಲಿಲ್ಲ. ಉಳಿದ ಮೈಯೆಲ್ಲ ಸರಿಯಾಗಿತ್ತು, ಹಳದಿ ಬಣ್ಣ ಕೂಡ ಮಾಸಿರಲಿಲ್ಲ. ನಾನು ಅದನ್ನು ಜಾಳಿಗೆಯಲ್ಲಿ ಎತ್ತುವಾಗ, ಕಣ್ಣು ತಿಂದ ನೀಲಿ ಗಂಡು ಮೀನು ತೊಟ್ಟಿಯ ಗಾಜಿಗೆ ಮೂತಿ ಹಚ್ಚಿ ಇನ್ನೇನಾದರೂ ಕೊಡು ಎನ್ನುವಂತೆ ಬಾಯಾಡಿಸುತ್ತಿತ್ತು.

ಈ ಆಫ್ರಿಕನ್ ಸಿಕ್ಲಿಡ್ ಮೀನುಗಳನ್ನು ಕೊಲ್ಹಾಪುರದಿಂದ ತಂದವರು ಅಪ್ಪ. ತೊಂಬತ್ತರ ದಶಕದ ಮೊದಲ ವರ್ಷಗಳು. ನಾನು ಧಾರವಾಡದಲ್ಲಿ ಪ್ರಾಣಿಶಾಸ್ತ್ರದ ಎಂ.ಎಸ್ಸಿ. ಮುಗಿಸಿ ಚಿಕ್ಕೋಡಿಗೆ ಮರಳಿದ್ದೆ. ಅಪ್ಪ ವಕೀಲರು. ಕಕ್ಷಿದಾರರು ಕಾಯುವ ಹೊರಕೋಣೆಯಲ್ಲಿ ಗಾಜಿನ ತೊಟ್ಟಿ ಇಡಿಸಿ, ಓದಿದ ಮಗಳು ನೋಡಿಕೊಳ್ಳುತ್ತಾಳೆ ಎಂದು ಎಲ್ಲರಿಗೂ ಹೇಳಿದರು.

ಪಾತ್ರೆಗೆ ಬಿಳಿ ಕರೆ ಕಟ್ಟುವ ನಮ್ಮ ಬೋರಿನ ಗಡಸು ನೀರು ಅವಕ್ಕೆ ಒಗ್ಗಿತು. ಸುಲಭವಾದದ್ದು ಅದೊಂದೇ. ವಾರಕ್ಕೊಮ್ಮೆ ರಬ್ಬರ್ ನಳಿಗೆಯನ್ನು ಬಾಯಿಂದ ಎಳೆದು ನೀರು ಇಳಿಸಬೇಕು. ಒಂದು ಕ್ಷಣ ತಡವಾದರೆ ಹೇಲು ಬೆರೆತ ನೀರು ನಾಲಿಗೆಗೆ ಬರುತ್ತಿತ್ತು. ಕರೆಂಟು ಹೋಗಿ ಗಾಳಿಯ ಪಂಪು ನಿಂತರೆ ತಂಬಿಗೆಯಿಂದ ನೀರು ಎತ್ತಿ ಎತ್ತಿ ಸುರಿಯಬೇಕು. ಕಲ್ಲಿನ ಪಾಚಿ ಮೇಯುವ ಈ ಜಾತಿಯ ಹೊಟ್ಟೆಗೆ ಹಿಟ್ಟಿನ ಪದಾರ್ಥ ಬಿದ್ದರೆ ಹೊಟ್ಟೆ ಉಬ್ಬಿ, ಮೈಯ ಹುರುಪೆ ನಿಮಿರಿ ಮೀನುಗಳು ಸಾಯುತ್ತವೆ. ಕಕ್ಷಿದಾರರ ಕೈಯಲ್ಲಿ ಇರುತ್ತಿದ್ದದ್ದು ಚುರಮುರಿ, ಅಕ್ಕಿಯ ಮಂಡಕ್ಕಿ.

ರಾಯಬಾಗ ಕಡೆಯ ಒಬ್ಬ ಮುದುಕರಿಗೆ ಹೊಲದ ಗಡಿಯ ಬಾಂದಿನ ತಂಟೆ ಇತ್ತು, ಅದಕ್ಕೇ ಅಪ್ಪನ ಬಳಿ ಬರುತ್ತಿದ್ದರು. ಕೃಷ್ಣೆಯ ದಂಡೆಗೆ ಹೋದಾಗ ಮೀನಿಗೆ ಚುರಮುರಿ ಚೆಲ್ಲಿ ಕೈಮುಗಿಯುವ ರೂಢಿಯವರು. ನಮ್ಮ ತೊಟ್ಟಿಗೂ ಹಾಗೆಯೇ ಚೆಲ್ಲಿ ಕೈಮುಗಿಯುತ್ತಿದ್ದರು.

“ಇವು ಚುರಮುರಿ ತಿನ್ನಬಾರದ್ರಿ ಕಾಕಾ,” ಎಂದೆ.

“ತಿನ್ನಾಕತ್ತಾವಲ್ಲ ತಂಗಿ. ಹೊಳಿ ಮೀನ ಇದನ್ನ ತಿಂದ ಮೊಳದುದ್ದ ಆಗ್ಯಾವು.”

“ಇವು ಹೊಳಿ ಮೀನ ಅಲ್ರಿ.”

ಪಕ್ಕದಲ್ಲಿದ್ದ ನಿಪ್ಪಾಣಿಯ ತಂಬಾಕಿನ ವ್ಯಾಪಾರಿ ನಕ್ಕ. “ವಕೀಲರ ಮೀನ ಅದಾವ ಕಾಕಾ. ತಾರೀಖ ಕೊಟ್ಟ ದಿನಾನ ತಿಂತಾವ.”

ಮೀನಿಗೆ ಏನೂ ಹಾಕಬೇಡಿ ಎಂಬ ಫಲಕ ಹಾಕೋಣವೆಂದು ಅಪ್ಪನನ್ನು ಕೇಳಿದೆ. “ಮನಿಗೆ ಬಂದ ಮಂದಿಗೆ ಕೈ ತಗೀರಿ ಅನ್ನಾಕ ಬರ್ತೈತೇನವಾ? ನಾಕ ಕಾಳಿಗೆ ಏನ ಆಗೂದೈತಿ,” ಎಂದರು.

ಆಗ ಒಂದು ಹೆಣ್ಣು ಬಾಯಲ್ಲಿ ತತ್ತಿ ಹಿಡಿದಿತ್ತು. ಇವು ಬಾಯಲ್ಲೇ ಮರಿ ಮಾಡುತ್ತವೆ. ಮರಿಗಳನ್ನು ಹೊರಬಿಡುವವರೆಗೆ ತಾಯಿ ಏನೂ ತಿನ್ನುವುದಿಲ್ಲ. ಅದರ ಬೆನ್ನು ಕತ್ತಿಯಂಚಿನಂತಾಗಿತ್ತು. ಗಂಟಲ ತೆಳು ಚರ್ಮದೊಳಗೆ ಮರಿಗಳ ಕರಿಗಣ್ಣುಗಳು ಕಾಣುತ್ತಿದ್ದವು. ಆ ಮನೆಯಲ್ಲಿ ನನ್ನದು ಎನ್ನುವಂತಿದ್ದದ್ದು ಆ ಮರಿಗಳು ಮಾತ್ರ. ದಿನ ಎಣಿಸುತ್ತಿದ್ದೆ. ಮರಿಗಳು ಗಂಡುಗಳ ಬಾಯಿಗೆ ಬೀಳದಂತೆ ಹತ್ತೊಂಬತ್ತನೆಯ ದಿನ ತಾಯಿಯನ್ನು ಬೇರೆ ಬಕೆಟ್ಟಿಗೆ ಬಿಡುವುದೆಂದು ಗೊತ್ತು ಮಾಡಿಕೊಂಡಿದ್ದೆ. ಬೇಗ ಹಿಡಿದರೆ ಗಾಬರಿಯಲ್ಲಿ ಮರಿಗಳನ್ನು ನುಂಗಿಬಿಡುತ್ತದೆಂಬ ಅಂಜಿಕೆ.

ಹದಿನೆಂಟನೆಯ ದಿನ ಕೋರ್ಟಿನ ವೇಳೆಗೆ ಮುಂಚೆ ಮುದುಕರು ಬಂದರು. ಮೂಲೆಯಲ್ಲಿ ನಿಂತ ಹೆಣ್ಣನ್ನು ನೋಡಿ, “ಪಾಪ, ಇದಕ್ಕ ಯಾರೂ ತಿನ್ನಾಕ ಬಿಡವೊಲ್ಲರು,” ಎಂದು ಅದರ ಮೇಲೆಯೇ ಒಂದು ಮುಷ್ಟಿ ಚೆಲ್ಲಿದರು. ನಾನು ಬಾಗಿಲಲ್ಲಿದ್ದೆ. ಹಸಿವು ತಡೆಯಲಾರದೆ ಅದು ಬಾಯಿ ತೆರೆಯಿತು. ಮರಿಗಳು ಹೊಗೆಯಂತೆ ಹೊರಬಂದವು. ಗಂಡುಗಳು ಚುರಮುರಿ ಬಿಟ್ಟು ಅವುಗಳ ಮೇಲೆ ಬಿದ್ದವು. ಕೊನೆಯ ಎರಡನ್ನು ತಾಯಿಯೇ ತಿಂದಿತು.

“ಅಬಾಬಾ, ಎಷ್ಟ ಚುರುಕ ಅದಾವ ನೋಡ್ರಿ,” ಎಂದರು ಯಾರೋ. ಮುದುಕರು ಕೈಮುಗಿದರು. ಉಬ್ಬಿದ ಕಾಳುಗಳು ತೇಲುತ್ತಿದ್ದವು. ತೊಟ್ಟಿಯಿಂದ ಹಳಸಿದ ಅನ್ನದ ನಾತ. ಜಾಳಿಗೆಯಲ್ಲಿ ಕಾಳುಗಳನ್ನು ಎತ್ತಿ ಹಿತ್ತಲಿಗೆ ಚೆಲ್ಲಿ ಬಂದೆ. ಮೀನುಗಳ ಮೇಲೆ, ಆ ಮುಗಿದ ಕೈಗಳ ಮೇಲೆ, ಬಾಗಿಲಲ್ಲಿ ಸುಮ್ಮನೆ ನಿಂತ ನನ್ನ ಮೇಲೆ ಒಂದೇ ಥರದ ಹೇಸಿಕೆ.

ಮರುದಿನ ಬೆಳಿಗ್ಗೆ ಅಪ್ಪ ಸ್ನಾನಕ್ಕೆ ಹೋದಾಗ ಉಳಿದಿದ್ದ ಐದೂ ಮೀನುಗಳನ್ನು ಮುಚ್ಚಳದ ಎರಡು ಡಬ್ಬಿಗಳಿಗೆ ಹಾಕಿದೆ, ಹೆಣ್ಣನ್ನು ಬೇರೆಯಾಗಿ. ತೊಟ್ಟಿಯ ನೀರನ್ನು ಪೂರ್ತಿ ಚರಂಡಿಗೆ ಬಿಟ್ಟೆ. ಕೊಲ್ಹಾಪುರದ ಮೊದಲ ಬಸ್ಸು ಹತ್ತಿ, ಅಪ್ಪ ಮೀನು ಕೊಂಡಿದ್ದ ಅಂಗಡಿಯ ಕದ ತೆರೆಯುವವರೆಗೆ ಮೆಟ್ಟಿಲ ಮೇಲೆ ಕುಳಿತೆ. ಅಂಗಡಿಯವರು ಬಂದಾಗ ಡಬ್ಬಿಗಳನ್ನು ಅವರ ಕೈಗೆ ಕೊಟ್ಟು, ಹೆಣ್ಣನ್ನು ಗಂಡುಗಳ ಜೊತೆ ಬಿಡಬೇಡಿ ಎಂದು ಮರಾಠಿಯಲ್ಲಿ ಎರಡು ಸಲ ಹೇಳಿದೆ.