ಹಾಜಿ ಮಿಲೂದ್ ಹೇಳಿದ್ದು, ಘಿಜ್ಲಾನ್ ಬರೆದದ್ದು

ಘಿಜ್ಲಾನ್ ನಮ್ಮ ಕಾಸಾಬ್ಲಾಂಕಾ ಕಚೇರಿಯಲ್ಲಿ ಹನ್ನೊಂದು ವರ್ಷ ಪ್ರೋಗ್ರಾಂ ಬರೆದವಳು. ಡಯಾಲಿಸಿಸ್ ಕೇಂದ್ರಗಳಿಗೆ ರೋಗಿಗಳ ಸರದಿ ಗೊತ್ತುಮಾಡುವ ಸಾಫ್ಟ್‌ವೇರ್ ನಮ್ಮದು. ಅದರ ಅರ್ಧ ಗುಟ್ಟು ಯಾವ ಕಡತದಲ್ಲೂ ಇರಲಿಲ್ಲ. ಚಹಾ ಕುಡಿಯುವಾಗಿನ ಮಾತಿನಲ್ಲಿತ್ತು, ಹಳಬರಾದ ಹಾಜಿ ಮಿಲೂದರ ತಲೆಯಲ್ಲಿತ್ತು. ಅವರು ನಿವೃತ್ತರಾಗುವ ಮುಂಚಿನ ಆರು ತಿಂಗಳು ಘಿಜ್ಲಾನ್ ಅವರ ಬೆನ್ನು ಬಿಡಲಿಲ್ಲ. ಕೇಳಿದ್ದನ್ನೆಲ್ಲ, ಕಂಪ್ಯೂಟರಿನಲ್ಲಿ ಎಲ್ಲರೂ ತೆರೆದು ನೋಡಬಹುದಾದ ಪುಟಗಳಲ್ಲಿ ಬರೆದಿಟ್ಟಳು.

ಮೇಲಧಿಕಾರಿ ಬೂಶ್ತಾನಿಗೆ ಅದು ಕೆಲಸವಾಗಿ ಕಾಣಲಿಲ್ಲ.

“ಪ್ರೋಗ್ರಾಂ ಬರಿಯೋಕೆ ಸಂಬಳ ಕೊಡ್ತೀವಮ್ಮ, ಅಜ್ಜಿ ಕತೆ ಬರಿಯೋಕಲ್ಲ,” ಎಂದ, ಎಲ್ಲರ ಮುಂದೆ.

“ಬೂಶ್ತಾ ಸಾಹೇಬ್ರೇ, ನಾಳೆ ಹಾಜಿ ಇರಲ್ಲ. ಆಗ ಯಾರನ್ನ ಕೇಳ್ತೀರಿ?”

“ಅಷ್ಟು ಚಿಂತೆ ಇದ್ರೆ ಫೋನ್ ಹತ್ರ ಕೂತ್ಕೊ. ಕೇಳೋರು ಬೇಕಾದಷ್ಟು ಸಿಗ್ತಾರೆ.”

ಕೆಲವರು ನಕ್ಕರು. ನಾನೂ ನಕ್ಕೆ. ನೆನೆದರೆ ಈಗಲೂ ನನ್ನ ಮೇಲೇ ಸಿಟ್ಟು ಬರುತ್ತದೆ. ಮರುವಾರವೇ ಅವಳನ್ನು ದೂರು ಕೇಳುವ ಫೋನಿನ ಮುಂದೆ ಕೂರಿಸಿದರು. ಹಾಜಿ ತಮ್ಮೂರು ಅಝೆಮ್ಮೂರಿಗೆ ಹೊರಟುಹೋದರು. ಯಾರೂ ಓದದ ಕಸವೆಂದು ಬೂಶ್ತಾ ಆ ಪುಟಗಳನ್ನೂ ಅಳಿಸಿಹಾಕಿದ.

ರಂಜಾನ್ ಹತ್ತಿರ ಬಂತು. ಪ್ರತಿವರ್ಷದಂತೆ, ಉಪವಾಸದ ತಿಂಗಳಿಗೆಂದು ಸರ್ಕಾರ ದೇಶದ ಗಡಿಯಾರಗಳನ್ನು ಒಂದು ಗಂಟೆ ಹಿಂದಕ್ಕಿಟ್ಟಿತು. ಸೋಮವಾರ ಬೆಳಗಿನ ಪಾಳಿಯಲ್ಲಿ ಘಿಜ್ಲಾನಳ ಫೋನು ಹೊಡೆದುಕೊಂಡಿತು. ಯಾರೋ ಮುದುಕಿ.

“ಮಗಳೇ, ಏಳಕ್ಕಿದ್ದ ಸರದಿ ಆರಕ್ಕೆ ಅಂತ ಮೆಸೇಜ್ ಬಂತು. ಇಲ್ಲಿ ನೋಡಿದ್ರೆ ಬೀಗ. ಹದಿನಾಲ್ಕು ಜನ ಚಳೀಲಿ ನಿಂತಿದೀವಿ. ಒಬ್ಬನಿಗಂತೂ ನಿಲ್ಲೋಕೂ ಆಗ್ತಿಲ್ಲ.”

ಘಿಜ್ಲಾನ್ ಮೊದಲು ಕೇಂದ್ರದ ಕಾವಲುಗಾರನನ್ನು ಫೋನಿನಲ್ಲೇ ಎಬ್ಬಿಸಿ ಬಾಗಿಲು ತೆಗೆಸಿದಳು. ಆಮೇಲೆ ಹಾಜಿಗೆ ಫೋನು ಮಾಡಿದಳು.

“ಗಡಿಯಾರ ಬದಲಾಗೋ ಮುಂಚೆ ಪಟ್ಟೀನ ಕೈಯಾರೆ ಸರಿ ಮಾಡ್ಬೇಕು, ಇಲ್ಲಾಂದ್ರೆ ಸರದಿಗಳೂ ಒಂದು ಗಂಟೆ ಹಿಂದಕ್ಕೆ ಹೋಗ್ತವೆ ಅಂದಿದ್ನಲ್ಲಮ್ಮ! ನೀನು ಬರ್ಕೊಂಡಿದ್ದೆ!”

“ಬರ್ಕೊಂಡಿದ್ದೆ ಹಾಜಿ. ಇಲ್ಲಿ ಅದನ್ನ ಉಳಿಯೋಕೆ ಬಿಡ್ಲಿಲ್ಲ. ಇನ್ನೊಂದ್ಸಲ ಹೇಳಿ.”

ಅವರು ಹೇಳುತ್ತ ಹೋದರು, ಇವಳು ಸರಿಪಡಿಸುತ್ತ ಹೋದಳು. ಉಳಿದ ಊರುಗಳ ರೋಗಿಗಳಿಗೆ ಸರಿಯಾದ ಹೊತ್ತು ತಿಳಿಸಿದ್ದಾಯಿತು.

ಮಧ್ಯಾಹ್ನ, ನಾವೆಲ್ಲ ಗೌರವದಿಂದ ಲಾಲ್ಲಾ ಎನ್ನುವ ಮಾಲೀಕಿ ಸುಆದ್ ಎಲ್ಲರನ್ನೂ ಕರೆದರು. ಬೂಶ್ತಾ ನಾಚಿಕೆಯಿಲ್ಲದೆ ಘಿಜ್ಲಾನಳ ಕಡೆ ತಿರುಗಿ, “ಗೊತ್ತಿದ್ದೂ ಯಾಕೆ ಬಾಯಿ ಮುಚ್ಕೊಂಡಿದ್ದೆ?” ಎಂದ.

“ಬರೆದೋಳು ನಾನು, ಅಳಿಸಿದೋರು ನೀವು. ನಾನು ಬಾಯಿ ಮುಚ್ಕೊಂಡಿದ್ದೆ ಅಂತ ಆ ಮುದುಕೀಗೆ ನೀವೇ ಫೋನ್ ಮಾಡಿ ಹೇಳಿ.”

ಈ ಸಲ ನಾನು ಸುಮ್ಮನಿರಲಿಲ್ಲ. “ಆ ಪುಟ ನಾನು ಓದಿದ್ದೆ ಲಾಲ್ಲಾ. ಇವರು ಅಳಿಸಿದ್ದೂ ನೋಡಿದೀನಿ,” ಎಂದೆ.

ಕಂಪ್ಯೂಟರಿನಲ್ಲಿ ಉಳಿದಿದ್ದ ಹಳೆಯ ನಕಲಿನಿಂದ ಪುಟಗಳನ್ನು ಹುಡುಕಿ ತೆಗೆದರು. ಮೇಲೆ ತನ್ನ ಹೆಸರೂ ಇರಲೆಂದು ಬೂಶ್ತಾ ಹೇಳಿಕಳಿಸಿದ. ಘಿಜ್ಲಾನ್ ಪ್ರತಿ ಪುಟದ ತಲೆಯಲ್ಲೂ ಹಾಜಿಯ ಹೆಸರೊಂದನ್ನೇ ಹಾಕಿದಳು. ಲಾಲ್ಲಾ ಸುಆದ್ ಹಳೆಯ ಜಾಗಕ್ಕೆ ಕರೆದಾಗ, ವಾರಕ್ಕೊಂದು ಗಂಟೆ ಎಲ್ಲರೂ ತಮಗೆ ಗೊತ್ತಿರುವುದನ್ನು ಬರೆದಿಡಬೇಕೆಂದು ಷರತ್ತು ಹಾಕಿಯೇ ಬಂದಳು. ಬೂಶ್ತಾನ ಕುರ್ಚಿ ಮಾತ್ರ ಅಲುಗಲಿಲ್ಲ. ಅವಳ ಹತ್ತಿರ ಅವನು ಇಂದಿಗೂ ಕ್ಷಮೆ ಕೇಳಿಲ್ಲ.