ಸಾರಿಲ್ಲದ ಮುದ್ದೆ

ದಕ್ಷಿಣ ಆಫ್ರಿಕಾದ ಡರ್ಬನ್ನಿನ ಹೋಟೆಲಿನಲ್ಲಿ ಹಲವು ವರ್ಷ ಅಡುಗೆ ಮಾಡಿಕೊಂಡಿದ್ದ ಶಿವಣ್ಣ, ಹೊಳೆನರಸೀಪುರದ ಬಸ್ ನಿಲ್ದಾಣದೆದುರು ಅಂದೇ ಅಂಗಡಿ ತೆರೆದಿದ್ದರು. ಡರ್ಬನ್ನಿನಲ್ಲಿ ಕಲಿತಂತೆ ಕೆಂಡದ ಮೇಲೆ ಸುಟ್ಟ ಕುರಿಮಾಂಸ. ಮಸಾಲೆ ಮಾತ್ರ ಹೆಂಡತಿ ಅರೆದದ್ದು, ಕೆಂಡ ತೆಂಗಿನ ಚಿಪ್ಪಿನದು. ಜೊತೆಗೆ ರಾಗಿಮುದ್ದೆ. ಬಸ್ಸಿಗೆ ಕಾಯುತ್ತಿದ್ದ ನಾನೂ ಒಳಗೆ ಇಣುಕಿದೆ.

ಮೊದಲ ಗಿರಾಕಿ, ಒಬ್ಬ ವಯಸ್ಸಾದ ರೈತರು, ತಟ್ಟೆಯನ್ನು ಹಿಂದಕ್ಕೆ ತಳ್ಳಿದರು. "ಸಾರೆಲ್ಲಪ್ಪಾ? ಮುದ್ದೆ ಎಂಗ್ ನುಂಗ್ಲಿ?"

ಶಿವಣ್ಣನ ಮುಖ ಸಪ್ಪಗಾಯಿತು. "ಅಲ್ಲೂ ಮುಸುಕಿನಜೋಳದ ಮುದ್ದೆ ಮಾಡ್ತಾರೆ ಗೌಡ್ರೆ. ಟೊಮೇಟೊ ಗೊಜ್ಜಲ್ಲಿ ಅದ್ಕೊಂಡು ತಿಂತಾರೆ."

ಹೆಂಡತಿ ಗೊಜ್ಜು ಬಡಿಸಿದರು. ನನ್ನ ಬಸ್ಸು ಹಾರ್ನ್ ಹೊಡೆಯುತ್ತಿತ್ತು. ಹೊಡೆದುಕೊಳ್ಳಲಿ ಎಂದು ನಿಂತೆ. ಗೌಡರು ಮುದ್ದೆ ಅದ್ದಿ ನುಂಗಿ, ಮಾಂಸ ಕಚ್ಚಿದರು.

"ಅಲ್ಲಿನೋರೂ ನುಂಗ್ತಾರಾ?"

"ಇಲ್ಲ, ಅಗೀತಾರೆ."

"ಅಷ್ಟು ವರ್ಸ ಇದ್ದು ಅದೊಂದ್ ಕಲಿಸ್ನಿಲ್ವೇನ್ಲಾ?" ಎನ್ನುತ್ತ ಗೌಡರು ಇನ್ನೊಂದು ತುಂಡಿಗೆ ತಟ್ಟೆ ಚಾಚಿದರು.